ಅಮೀನಜ್ಜ ಪಾಠ ಮಾಡಿದ್ದು

ಪುಷ್ಯ ಮಳೆ ಹಿಡಿದಿತ್ತು ಅನ್ನುವುದು ಚೆನ್ನಾಗಿ ನೆನಪಿದೆ. ವರ್ಷ ಮಾತ್ರ ಕೇಳಬೇಡಿ. ನಮ್ಮ ಕಡೆ ಆ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಕೋರ್ಟಿನ ಕಡತಗಳೆಲ್ಲ ಹಸಿ ಹಪ್ಪಳದ ಹಾಗೆ ಮೆತ್ತಗಾಗುತ್ತವೆ, ಶಾಯಿ ಹರಡುತ್ತದೆ, ಗೋಡೆಗೆ ಒರಗಿಸಿಟ್ಟ ದಾವೆಯ ಕಟ್ಟುಗಳಿಗೆ ಬೂಷ್ಟು ಬರುತ್ತದೆ. ಅಂಥದ್ದೊಂದು ಬೆಳಿಗ್ಗೆ ಜಿಲ್ಲಾ ನ್ಯಾಯಾಲಯದಿಂದ ಕಾಗದ ಬಂತು. ತಾಲ್ಲೂಕು ಕೋರ್ಟುಗಳ ಸಿಬ್ಬಂದಿಗೆ ಒಂದು ದಿನದ ತರಬೇತಿ ಇದೆ, ಶಿರಸ್ತೇದಾರರು, ಬೆಂಚ್ ಕ್ಲರ್ಕುಗಳು, ನಾಜರು, ಅಮೀನರು ತಪ್ಪದೆ ಹಾಜರಿರಬೇಕು ಅಂತ.

ನಾನಾಗ ಮಲೆನಾಡಿನ ಒಂದು ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕು. ಸಾಹೇಬರ ಪೀಠದ ಕೆಳಗೆ ಕೂತು ಕಡತ ಎತ್ತಿಕೊಡುವುದು, ವಾಯಿದೆ ಬರೆದುಕೊಳ್ಳುವುದು, ವಕೀಲರು ‘ಸ್ವಲ್ಪ ದೂರದ ತಾರೀಖು’ ಎಂದು ಕಣ್ಣಲ್ಲೇ ಕೇಳಿದರೆ ಕಾಣದವನ ಹಾಗೆ ಇದ್ದುಬಿಡುವುದು, ಇಷ್ಟೇ ಕೆಲಸ. ಇದನ್ನು ನನಗೆ ಯಾರೂ ತರಗತಿಯಲ್ಲಿ ಕೂರಿಸಿ ಹೇಳಿಕೊಟ್ಟದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಸ್ತೇದಾರರು ಒಂದು ಕಟ್ಟು ಕಡತ, ಒಂದು ಉಂಡೆ ದಾರ ಮುಂದಿಟ್ಟು, “ಮೊದಲು ಗಂಟು ಹಾಕೋದು ಕಲಿ, ಎಳೆದ್ರೆ ಬಿಚ್ಚಬೇಕು, ಎತ್ತಿದ್ರೆ ಬಿಚ್ಚಬಾರದು” ಅಂದರು. ಅದು ನನ್ನ ಮೊದಲ ತರಬೇತಿ.

ಆ ಶಿರಸ್ತೇದಾರರ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಸ್ಯದ ಡಬ್ಬಿ ಯಾವಾಗಲೂ ಎಡಗೈಯಲ್ಲಿ. ಸೀನು ಬರುವ ಮೊದಲು ಆರ್ಡರ್ ಶೀಟನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ ಆಮೇಲೆ ಸೀನುವರು. ಅವರಿಗೆ ಕಾಯಿದೆ ಪುಸ್ತಕಕ್ಕಿಂತ ಪಂಚಾಂಗ ಹೆಚ್ಚು ಬೇಕಾಗುತ್ತಿತ್ತು. “ತಾರೀಖು ಕೊಡೋಕೆ ಮುಂಚೆ ಕೊನೆ ಕೊಯ್ಲು ನೋಡು, ಜಾತ್ರೆ ನೋಡು, ನೆಟ್ಟಿ ನೋಡು. ಅಡಿಕೆ ಕೊಯ್ಯೋ ದಿವಸ ಸಾಕ್ಷಿ ಬಾ ಅಂದ್ರೆ ಯಾವನು ಬರ್ತಾನೆ? ಬರದಿದ್ರೆ ಮತ್ತೆ ಸಮನ್ಸು, ಮತ್ತೆ ಅಮೀನನ ಕಾಲು ನೋವು” ಅನ್ನುವರು. ಈ ಪಾಠ ಯಾವ ಕೈಪಿಡಿಯಲ್ಲಿಯೂ ನನಗೆ ಸಿಗಲಿಲ್ಲ.

ಸಾಹೇಬರುಗಳ ಸಂಗತಿ ಬೇರೆ. ಅವರಿಗೆ ತರಬೇತಿ ಬೇಕು ಅನ್ನುವುದನ್ನು ಸುಪ್ರೀಂ ಕೋರ್ಟೇ ಹೇಳಿತ್ತು. 1991ರಲ್ಲಿ ಅಖಿಲ ಭಾರತ ನ್ಯಾಯಾಧೀಶರ ಸಂಘ ಹಾಕಿದ್ದ ಅರ್ಜಿಯಲ್ಲಿ ಬಂದ ತೀರ್ಪು ಅದು. ನಿವೃತ್ತಿಯ ವಯಸ್ಸು 60, ಮನೆಯಲ್ಲಿ ಕೂತು ಓದಲು ಕಾನೂನು ಪುಸ್ತಕಗಳು, ಜೊತೆಗೆ ಸೇವೆಯಲ್ಲಿ ಇರುವವರಿಗೂ ಕಲಿಸುವ ಒಂದೊಂದು ಸಂಸ್ಥೆ ಇರಬೇಕು ಅಂತ. ಆಮೇಲೆ 1996ರಲ್ಲಿ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ಬಂತು. ಕರ್ನಾಟಕ ಹೈಕೋರ್ಟಿನಲ್ಲಿ ಇದ್ದವರು, ಸುಪ್ರೀಂ ಕೋರ್ಟಿಗೂ ಹೋದವರು. ಕೋರ್ಟಿನ ವರಾಂಡದಲ್ಲಿ ‘ಶೆಟ್ಟಿ ಆಯೋಗ’ ಅಂದರೆ ಸಂಬಳದ ಮಾತು ಅಂತಲೇ ಅರ್ಥ. ಸಾಹೇಬರದೂ ಹೌದು, ಆಮೇಲೆ ನಮ್ಮದೂ ಹೌದು. ಆದರೆ ಆ ವರದಿಯನ್ನು ಒಪ್ಪಿ 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಇನ್ನೊಂದು ಮಾತೂ ಇತ್ತು. ವಕೀಲಿಕೆ ಮಾಡದ ಹೊಸ ಪದವೀಧರರೂ ನ್ಯಾಯಾಧೀಶರಾಗಬಹುದು, ಆದರೆ ಕಡಿಮೆಯೆಂದರೂ ಒಂದು ವರ್ಷ ತರಬೇತಿ ಆಗಬೇಕು ಎಂದು. ಬೆಂಗಳೂರಿನ ಕ್ರೆಸೆಂಟ್ ರಸ್ತೆಯಲ್ಲಿರುವ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಿಂದ ಹೀಗೆ ಪಾಠ ಮುಗಿಸಿ ಬಂದ ಹುಡುಗ ಹುಡುಗಿಯರನ್ನು ನಾನು ಪೀಠದ ಮೇಲೆ ನೋಡಿದ್ದೇನೆ. ಚುರುಕು ಜನ. ತೀರ್ಪು ಬರೆಯುವ ಕ್ರಮ, ಸಾಕ್ಷಿಯ ಮಾತನ್ನು ದಾಖಲಿಸುವ ಬಗೆ ಎಲ್ಲ ಗೊತ್ತಿರುತ್ತಿತ್ತು. ‘ಪಣತ’ ಎಂದರೆ ಏನು, ‘ಬ್ಯಾಣ’ ಎಂದರೆ ಏನು ಅಂತ ಮಾತ್ರ ನಮ್ಮನ್ನು ಕೇಳುವರು. ಅಡಿಕೆ ಕಣವೂ ಹುಲ್ಲುಗಾವಲೂ ಗೊತ್ತಿಲ್ಲದೆ ಮಲೆನಾಡಿನ ಪಾಲಿನ ದಾವೆ ಮುಟ್ಟುವುದು ಕಷ್ಟ. 2025ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದ ವಕೀಲಿಕೆ ಬೇಕೇ ಬೇಕು ಅಂತ ಹಳೆಯ ಪದ್ಧತಿಗೆ ಮರಳಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ಎಲ್ಲೋ ಹೋದೆ. ತರಬೇತಿಯ ಮಾತು ಹೇಳುತ್ತಿದ್ದೆ.

ನಮ್ಮ ಕೋರ್ಟಿನಿಂದ ಹೊರಟವರಲ್ಲಿ ಮುಖ್ಯರು ನಮ್ಮ ಹಿರಿಯ ಅಮೀನರು. ವಕೀಲರು, ಕಕ್ಷಿಗಾರರು, ಕೊನೆಗೆ ಕೆಲವು ಸಾಹೇಬರೂ ಅವರನ್ನು ಅಮೀನಜ್ಜ ಅಂತಲೇ ಕರೆಯುತ್ತಿದ್ದರು. ತೆಳ್ಳಗೆ, ಕಪ್ಪಗೆ, ಮೊಣಕಾಲಿನ ಕೆಳಗೆ ಉಂಬಳ ಕಚ್ಚಿದ ಕಲೆ. ಖಾಕಿ ಚೀಲ, ಉದ್ದ ಹಿಡಿಯ ಕೊಡೆ, ಒಂದು ಅಲ್ಯೂಮಿನಿಯಂ ಬುತ್ತಿ. ಬುತ್ತಿಯಲ್ಲಿ ಅನ್ನ, ಮೊಸರು, ಒಂದು ಅಪ್ಪೆಮಿಡಿ. ಸಮನ್ಸು ಕೊಡಲು ಹೋದ ಮನೆಯಲ್ಲಿ ಅವರು ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಮಲೆನಾಡಿನಲ್ಲಿ ಇದು ಸಣ್ಣ ಹಟವಲ್ಲ. ಮನೆಗೆ ಬಂದವರು ಬೆಲ್ಲ ನೀರಾದರೂ ಕುಡಿಯದೆ ಹೋದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಕೇಳಿದರೆ, “ಅವ್ರ ಕಾಫಿ ಕುಡಿದು ಅವ್ರ ಬಾಗಿಲಿಗೇ ನೋಟೀಸು ಅಂಟಿಸೋಕೆ ಕೈ ಬರಬೇಕಲ್ಲ ಮಾರಾಯ” ಅನ್ನುವರು.

ಬೆಳಗಿನ ಮೊದಲ ಬಸ್ಸು ಹಿಡಿದೆವು. ಘಟ್ಟದ ತಿರುವುಗಳಲ್ಲಿ ಬಸ್ಸಿನ ಚಾವಣಿಯಿಂದ ನೀರು ತೊಟ್ಟಿಕ್ಕಿ, ನಾಜರ ಹೊಸ ಶರ್ಟಿನ ಮೇಲೆಯೇ ಸರಿಯಾಗಿ ಬೀಳುತ್ತಿತ್ತು. ಅವರು ಜಾಗ ಬದಲಿಸಿದರೆ ಅಲ್ಲಿಯೂ ತೊಟ್ಟಿಕ್ಕಿತು. ಜಿಲ್ಲಾ ನ್ಯಾಯಾಲಯದ ಮಹಡಿಯ ಸಭಾಂಗಣ ತಲುಪುವಾಗ ಎಲ್ಲರ ಕೊಡೆಗಳಿಂದ ಇಳಿದ ನೀರು ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಉಪ್ಪಿಟ್ಟು, ಕೇಸರಿಬಾತು ಇತ್ತು. ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದರು. “ಸಿಬ್ಬಂದಿ ತರಬೇತಿಗೆ ಗೋಡಂಬಿ ಅಂದ್ರೆ ಎಂತದೋ ದೊಡ್ಡದೇ ಕಾದಿದೆ” ಅಂತ ಪಕ್ಕದ ತಾಲ್ಲೂಕಿನ ಟೈಪಿಸ್ಟು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಬೆಳಗಿನ ಉಪನ್ಯಾಸ ಸಮನ್ಸು ಜಾರಿಯ ಬಗ್ಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಐದನೆಯ ಆದೇಶ. ಇದನ್ನೇ ಯಾಕೆ ಮೊದಲಿಗೆ ಇಟ್ಟರು ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸ್ವಲ್ಪ ದಿನದ ಹಿಂದೆ ಜಿಲ್ಲೆಯ ಒಂದು ಕೋರ್ಟಿನಲ್ಲಿ ಪಾಲಿನ ದಾವೆಯೊಂದರ ಏಕಪಕ್ಷೀಯ ಡಿಕ್ರಿ ರದ್ದಾಗಿತ್ತು. ಪ್ರತಿವಾದಿ ‘ನನಗೆ ಸಮನ್ಸೇ ಬಂದಿಲ್ಲ’ ಅಂತ ಅರ್ಜಿ ಹಾಕಿದ. ಅಲ್ಲಿನ ಅಮೀನರನ್ನು ಕಟಕಟೆ ಹತ್ತಿಸಿ ವಕೀಲರು ಕೇಳಿದರಂತೆ, “ಬಾಗಿಲಿನ ಬಣ್ಣ ಎಂಥದ್ದು?” ಅಂತ. “ಬಾಗಿಲು ಎಲ್ಲಿ ಕಾಣ್ತಿತ್ತು ಸ್ವಾಮಿ, ಮಳೆಗಾಲದ ತಟ್ಟಿ ಕಟ್ಟಿದ್ರಲ್ಲ” ಅಂದರಂತೆ ಇವರು. ನಿಜವೇ ಹೇಳಿದ್ದು. ಆದರೆ ಸಮನ್ಸಿನ ಹಿಂದೆ ಅವರು ಬರೆದಿದ್ದ ಷರಾ ಒಂದೇ ಸಾಲು: ‘ಬಾಗಿಲಿಗೆ ಅಂಟಿಸಿ ಜಾರಿ ಮಾಡಿದೆ.’ ತಟ್ಟಿಯೂ ಇಲ್ಲ, ಹೊತ್ತೂ ಇಲ್ಲ, ಮನೆ ತೋರಿಸಿದವರ ಹೆಸರೂ ಇಲ್ಲ. ದಾವೆ ಮೊದಲಿನಿಂದ ಶುರುವಾಯಿತು. ಅಣ್ಣ ತಮ್ಮಂದಿರು ಮತ್ತೆ ಮೊದಲ ವಾಯಿದೆಗೆ ಬಂದು ನಿಂತರು.

ಉಪನ್ಯಾಸಕ್ಕೆ ಬಂದಿದ್ದವರು ಒಬ್ಬ ಹಿರಿಯ ನ್ಯಾಯಾಧೀಶರು. ಪರದೆಯ ಮೇಲೆ ನಿಯಮಗಳನ್ನು ತೋರಿಸುತ್ತ ಹೋದರು. ಮನುಷ್ಯ ಸಿಕ್ಕರೆ ಅವನ ಕೈಗೇ ಕೊಡಬೇಕು. ಸಿಗದಿದ್ದರೆ, ಜೊತೆಯಲ್ಲಿ ವಾಸವಿರುವ ಮನೆಯ ವಯಸ್ಕರಿಗೆ, ಗಂಡಾಗಲಿ ಹೆಣ್ಣಾಗಲಿ, ಕೊಡಬಹುದು. ಆಳು ಮನೆಯವನಲ್ಲ, ಅವನಿಗೆ ಕೊಡುವಂತಿಲ್ಲ. ಯಾರೂ ಸಿಗದಿದ್ದರೆ, ತೆಗೆದುಕೊಳ್ಳಲು ಒಪ್ಪದಿದ್ದರೆ, ಹೊರಬಾಗಿಲಿಗೋ ಮನೆಯ ಎದ್ದು ಕಾಣುವ ಭಾಗಕ್ಕೋ ಅಂಟಿಸಬೇಕು. 2002ರ ತಿದ್ದುಪಡಿಯಾದ ಮೇಲೆ ಪ್ರತಿವಾದಿ ತನ್ನ ಲಿಖಿತ ಹೇಳಿಕೆಯನ್ನು ಸಮನ್ಸು ಮುಟ್ಟಿದ 30 ದಿನದೊಳಗೆ ಕೊಡಬೇಕು, ಕಾರಣ ಕೊಟ್ಟರೆ 90 ದಿನದವರೆಗೆ. ಹಾಗಾಗಿ ಅಮೀನ ಬರೆಯುವ ತಾರೀಖಿಗೆ ಮೊದಲಿಗಿಂತ ಬೆಲೆ ಜಾಸ್ತಿ. ಎಲ್ಲ ಸರಿ. ಆದರೆ ಹಿಂದಿನ ಸಾಲಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಒದ್ದೆ ಬಟ್ಟೆ, ಹೊಟ್ಟೆ ತುಂಬ ಉಪ್ಪಿಟ್ಟು, ಅವರದೇನೂ ತಪ್ಪಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದಲ್ಲಿ ಹೋಗದಿದ್ದರೆ ಆಶ್ಚರ್ಯ. ಪರದೆ ಕಪ್ಪಾಯಿತು. ಸಾಹೇಬರು ಸ್ವಲ್ಪ ಹೊತ್ತು ಕಾದರು, ಆಮೇಲೆ ವೇದಿಕೆ ಇಳಿದು ಕುರ್ಚಿಗಳ ನಡುವೆ ಬಂದರು. “ನಾನು ಹೇಳಿದ್ದು ಪುಸ್ತಕದ್ದು. ನೀವು ಹೇಗೆ ಜಾರಿ ಮಾಡ್ತೀರಿ, ಯಾರಾದ್ರೂ ಹೇಳಿ” ಅಂದರು. ಅಮೀನಜ್ಜನನ್ನೇ ಬೆರಳು ಮಾಡಿ ಕರೆದರೋ, ನಮ್ಮ ನಾಜರು ಅವರನ್ನು ಮುಂದಕ್ಕೆ ತಳ್ಳಿದರೋ, ನನಗೆ ಈಗ ಸ್ಪಷ್ಟವಿಲ್ಲ. ಜೊತೆಗಿದ್ದ ಗೆಳೆಯನೊಬ್ಬ, ಅಜ್ಜ ತಾವಾಗಿಯೇ ಎದ್ದರು ಅನ್ನುತ್ತಾನೆ. ಅಜ್ಜ ತಾವಾಗಿ ಎದ್ದರೆಂದರೆ ನಾನು ನಂಬುವುದಿಲ್ಲ. ಅಂತೂ ಎದ್ದು ಕೈಮುಗಿದು ನಿಂತರು.

“ಸ್ವಾಮಿ, ಮೊದ್ಲು ಮನೆ ಸಿಗಬೇಕಲ್ಲ” ಅಂತ ಶುರು ಮಾಡಿದರು. “ದಾವೆಯಲ್ಲಿ ಬರೀ ಹೆಸರು, ಅಪ್ಪನ ಹೆಸರು, ಊರು ಇರ್ತದೆ. ನಮ್ಮ ಕಡೆ ಊರು ಅಂದ್ರೆ ಒಂದು ಗುಡ್ಡದ ಈಚೆಗೆ ಎರಡು ಮನೆ, ಆಚೆಗೆ ಮೂರು ಮನೆ. ಒಂದೇ ಹೆಸರಿನೋರು ಇಬ್ರು ಮೂವರು, ಅಪ್ಪನ ಹೆಸರೂ ಕೆಲವು ಸಲ ಒಂದೇ. ಕೆಳಗಿನಮನೆಯೋರಾ ಮೇಲಿನಮನೆಯೋರಾ ಅಂತ ಬರೆದ್ರೆ ಒಂದು ಸಲಕ್ಕೆ ಮುಗೀತದೆ. ಬರೆಯಲ್ಲ. ಸಂಕ ದಾಟಿ ಹೋದ್ಮೇಲೆ ಅವನಲ್ಲ ಇವನು ಅಂತ ಗೊತ್ತಾಗ್ತದೆ. ಅಷ್ಟು ಹೊತ್ತಿಗೆ ಹಳ್ಳ ಏರಿರ್ತದೆ.”

ತೂಕಡಿಸುತ್ತಿದ್ದವರು ಎದ್ದು ಕೂತರು. ಸಾಹೇಬರು ಅಲ್ಲಿಯೇ ಇದ್ದ ಒಂದು ಖಾಲಿ ಕುರ್ಚಿ ಎಳೆದುಕೊಂಡರು.

“ಮನೆ ಸಿಕ್ತು ಅಂತ ಇಟ್ಕೊಳ್ಳಿ. ಜಗಲಿ ಮೇಲೆ ಎರಡು ಲೋಟ ಕಾಫಿ, ಹಬೆ ಆಡ್ತಿರ್ತದೆ. ಕೂತಿರೋದು ಅಮ್ಮಾವ್ರು ಒಬ್ರೇ. ಯಜಮಾನ್ರು ಎಲ್ಲಿ ಅಂದ್ರೆ ಪೇಟೆಗೆ ಹೋಗಿದಾರೆ ಅಂತಾರೆ. ತೋಟದೊಳಗೆ ನಾಯಿ ಬಾಲ ಆಡಿಸ್ಕೊಂಡು ಯಾರ ಹಿಂದೆ ಹೋಯ್ತು ಅಂತ ನಂಗೆ ಕಾಣ್ತದೆ. ನಾನು ಕಾಯ್ತೀನಿ. ಬುತ್ತಿ ಬಿಚ್ಚಿ ಅಲ್ಲೇ ಕಟ್ಟೆ ಮೇಲೆ ಊಟ ಮಾಡ್ತೀನಿ. ಕತ್ತಲಾಗೋ ಹೊತ್ತಿಗೆ ಉಂಬಳ ಕಚ್ಚಿಸ್ಕೊಂಡು ಅವ್ರೇ ಬರ್ತಾರೆ.”

ಸಭೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. “ಬರದೇ ಇದ್ದರೆ?” ಅಂದರು.

“ಅಂಟಿಸ್ತೀನಿ.”

“ಯಾವುದರಲ್ಲಿ ಅಂಟಿಸ್ತೀರಿ?”

“ಅನ್ನದಲ್ಲಿ ಸ್ವಾಮಿ. ಆಫೀಸಿನ ಗೋಂದು ಮಳೆಗೆ ನಿಲ್ಲಲ್ಲ. ಅದಕ್ಕೇ ಬುತ್ತೀಲಿ ನಾಲ್ಕು ಅಗುಳು ಉಳಿಸಿರ್ತೀನಿ, ಮೊಸರು ತಾಗಿಸದೆ. ಅವ್ರ ಮನೇಲಿ ಅನ್ನ ಕೇಳೋದು ಚೆನ್ನಾಗಿರಲ್ಲ ನೋಡಿ. ಬಾಗಿಲಿಗೆ ತಟ್ಟಿ ಕಟ್ಟಿದ್ರೆ ತಟ್ಟಿಗೆ ಹಚ್ಚಲ್ಲ, ಸೋಗೆ ಮೇಲೆ ಕಾಗದ ಹಿಡಿಯಲ್ಲ. ಒಳಗಡೆ ಜಗಲಿ ಕಂಬ ಇರ್ತದಲ್ಲ, ಅದರ ಮೇಲೆ, ನಿಂತ ಆಳಿನ ಎದೆಮಟ್ಟಕ್ಕೆ ಹಚ್ತೀನಿ. ಕೆಳಗೆ ಹಚ್ಚಿದ್ರೆ ಕೋಳಿ ಕುಕ್ತದೆ, ಅನ್ನದ ವಾಸನೆಗೆ.”

ಎದ್ದು ಕಾಣುವ ಭಾಗ ಎನ್ನುವ ಕಾಯಿದೆಯ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ತೀರ್ಪಿನಲ್ಲೂ ಕಂಡಿಲ್ಲ. ಬಾಗಿಲಿಗೇ ಅಂಟಿಸಬೇಕೆಂದಿಲ್ಲ, ಕಣ್ಣಿಗೆ ಬೀಳುವ ಬೇರೆ ಜಾಗವೂ ಆಗುತ್ತದೆ ಎಂದು ನಿಯಮದಲ್ಲಿಯೇ ಇದೆ. ಅಜ್ಜ ಅದನ್ನು ಓದಿಕೊಂಡು ಮಾಡಿದ್ದಲ್ಲ. ಕೋಳಿಗೆ ಹೆದರಿ ಮಾಡಿದ್ದು.

ಸಾಹೇಬರು ಸುಮ್ಮನೆ ಕೇಳಿಕೊಂಡು ಹೋಗುವವರಲ್ಲ. “ಇಷ್ಟೆಲ್ಲ ಮಾಡ್ತೀರಲ್ಲ, ಷರಾದಲ್ಲಿ ಏನು ಬರೀತೀರಿ?” ಅಂದರು. ಅಜ್ಜ ತಲೆ ಕೆರೆದುಕೊಂಡು, “ಅಂಟಿಸಿ ಜಾರಿ ಮಾಡಿದೆ ಅಂತ” ಅಂದರು. ಮತ್ತೆ ನಗು.

ಆ ದಿನದ ನಿಜವಾದ ತರಬೇತಿ ಶುರುವಾದದ್ದು ಅಲ್ಲಿಂದ. ಎಲ್ಲರಿಗೂ ಒಂದೊಂದು ಹಾಳೆ ಹಂಚಿಸಿದರು. ಅಜ್ಜ ಹೇಳಿದ ಅದೇ ಮನೆ, ಅದೇ ಕಾಫಿ, ಅದೇ ತಟ್ಟಿ. ನೀವೇ ಅಲ್ಲಿಗೆ ಹೋಗಿದ್ದಿರಿ ಅಂದುಕೊಂಡು ಷರಾ ಬರೆಯಿರಿ ಅಂದರು. ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಎಲ್ಲರೂ ಬರೆದೆವು. ಸಾಹೇಬರು ಒಂದೊಂದನ್ನೇ ಗಟ್ಟಿಯಾಗಿ ಓದಿ ಕೊಕ್ಕೆ ತೆಗೆಯುತ್ತ ಹೋದರು. “ಎಷ್ಟು ಹೊತ್ತಿಗೆ ಹೋದಿರಿ? ಎಷ್ಟು ಹೊತ್ತಿನವರೆಗೆ ಕಾದಿರಿ? ಮನೆ ಇದೇ ಅಂತ ತೋರಿಸಿದವರು ಯಾರು, ಅವರ ಮನೆ ಎಲ್ಲಿ? ಅಮ್ಮನವರಿಗೆ ಕೊಡಲು ಹೋದಾಗ ಅವರು ಏನಂದರು?” ಅಮ್ಮನವರು ವಯಸ್ಕ ಸದಸ್ಯೆಯಲ್ಲವೇ, ಅವರ ಕೈಗೇ ಕೊಡಬಹುದಿತ್ತಲ್ಲ ಅನ್ನುವ ಪ್ರಶ್ನೆ ಆಗ ಎದ್ದಿತು. ಅಜ್ಜ ಹೇಳಿದರು, “ಕೊಡಬಹುದು ಸ್ವಾಮಿ, ಅವ್ರು ಕೈ ಹಿಂದಕ್ಕೆ ಕಟ್ಕೊಂಡು ನಿಲ್ತಾರೆ.” “ಹಾಗಾದ್ರೆ ಅದನ್ನೇ ಬರೀರಿ” ಅಂದರು ಸಾಹೇಬರು. “ಕೈ ಕಟ್ಟಿಕೊಂಡು ನಿಂತರು, ತೆಗೆದುಕೊಳ್ಳಲು ಒಪ್ಪಲಿಲ್ಲ ಅಂತ. ಕಾಫಿ ಬಿಸಿ ಇತ್ತು ಅಂತಲೂ ಬರೀರಿ. ಪೀಠದ ಮೇಲೆ ಕೂತ ನನಗೆ ಆ ಜಗಲಿ ಕಾಣೋದು ನಿಮ್ಮ ಷರಾದಲ್ಲಿ ಮಾತ್ರ.”

ಊಟ ತಡವಾಯಿತು. ಸಾರು ಆರಿತ್ತು, ಹಪ್ಪಳ ಮೆತ್ತಗಾಗಿತ್ತು, ಕಳಲೆ ಪಲ್ಯ ಮಾತ್ರ ಸೊಗಸಾಗಿತ್ತು. ಸಾಹೇಬರು ಅಜ್ಜನ ಪಕ್ಕದಲ್ಲಿಯೇ ಕೂತು ಉಂಡರು. ಅಜ್ಜ ಅಲ್ಲಿಯೂ ಕಾಫಿ ಬೇಡ ಅಂದದ್ದಕ್ಕೆ ನಾಜರು, “ಇಲ್ಲಿ ಯಾರಿಗೂ ಸಮನ್ಸು ಇಲ್ಲ, ಕುಡೀರಿ ಅಜ್ಜ” ಅಂದು ಲೋಟವನ್ನು ಕೈಗಿಟ್ಟರು.

ಮಧ್ಯಾಹ್ನದ ಮೇಲೆ ಏನೇನಿತ್ತೋ, ಕಂಪ್ಯೂಟರಿನ ಬಗ್ಗೆ ಏನೋ ಹೇಳಿದರು ಅಂತ ಮಸುಕಾಗಿ ನೆನಪು. ಅದು ಆಮೇಲೆ ನಮ್ಮ ತಲೆಯ ಮೇಲೆ ಚೆನ್ನಾಗಿಯೇ ಕೂತಿತು ಬಿಡಿ. ಇ-ಕೋರ್ಟ್ಸ್ ಯೋಜನೆ ಬಂದಾಗ ಪ್ರಕರಣಗಳೆಲ್ಲ ಸಿಐಎಸ್ ತಂತ್ರಾಂಶಕ್ಕೆ ಏರಿದವು, ಗಣಕಗಳಿಗೆ ಉಬುಂಟು ಬಂತು. ವರ್ಷಾನುಗಟ್ಟಲೆ ‘ನುಡಿ’ಯಲ್ಲಿ ಕಣ್ಣು ಮುಚ್ಚಿ ಟೈಪು ಮಾಡುತ್ತಿದ್ದ ನಮ್ಮ ಟೈಪಿಸ್ಟಮ್ಮನವರು ಯೂನಿಕೋಡಿಗೆ ಒಗ್ಗುವವರೆಗೆ ಮನೆಯಲ್ಲಿ ಯಾರ ಮೇಲೆ ರೇಗುತ್ತಿದ್ದರೋ, ಕೋರ್ಟಿನಲ್ಲಂತೂ ಎಲ್ಲರ ಮೇಲೂ ರೇಗಿದರು. ಅಂಥ ತರಬೇತಿಗಳು ಬೇಕಾದಷ್ಟಾದವು. ಒಂದರಲ್ಲೂ ಅಮೀನಜ್ಜನ ಹಾಗೆ ಎದ್ದು ನಿಂತು ಮಾತಾಡಿದವರನ್ನು ನಾನು ಕಾಣಲಿಲ್ಲ. ಎಲ್ಲದರಲ್ಲೂ ಕರೆಂಟು ಇತ್ತು.

ಆ ಮಳೆಗಾಲದ ತರಬೇತಿಯಿಂದ ಏನಾಯಿತು ಅಂತ ಕೇಳಬಹುದು. ನಮ್ಮ ಕೋರ್ಟಿನ ಮಟ್ಟಿಗೆ ಹೇಳುತ್ತೇನೆ. ದಾವೆ ಹಾಕುವಾಗಲೇ ಪ್ರತಿವಾದಿಯ ಮನೆಯ ಹೆಸರು, ಹತ್ತಿರದ ಗುರುತು ಬರೆಯಿರಿ ಎಂದು ಶಿರಸ್ತೇದಾರರು ವಕೀಲರ ಗುಮಾಸ್ತರನ್ನು ಕಾಡಲು ಶುರು ಮಾಡಿದರು. ಗುಮಾಸ್ತರು ಮೊದಮೊದಲು ಗೊಣಗಿದರು, ಆಮೇಲೆ ರೂಢಿಯಾಯಿತು. ‘ಮನೆ ಪತ್ತೆಯಾಗಲಿಲ್ಲ’ ಅಂತ ಹಿಂದಿರುಗುವ ಸಮನ್ಸು ಅಪರೂಪವಾಯಿತು. ಅಜ್ಜನ ಷರಾ ಮಾತ್ರ ಉದ್ದವಾಗುತ್ತ ಆಗುತ್ತ, ಸಮನ್ಸಿನ ಹಿಂಬದಿ ಸಾಲದೆ ಬೇರೆ ಹಾಳೆ ಸೇರಿಸುವಷ್ಟಾಯಿತು. ಒಂದರಲ್ಲಿ ನಾಯಿಯ ಬಣ್ಣವನ್ನೂ ಬರೆದಿದ್ದರು. ನಮ್ಮ ಸಾಹೇಬರು ಪೀಠದ ಮೇಲೆ ಓದುತ್ತ ತುಟಿ ಬಿಗಿಹಿಡಿದದ್ದನ್ನು ನಾನು ಕೆಳಗಿನಿಂದ ನೋಡಿದೆ. ಆ ಜಾರಿಯನ್ನು ಪ್ರಶ್ನಿಸಲು ಯಾವ ವಕೀಲರೂ ಮುಂದೆ ಬರಲಿಲ್ಲ.

ಈಗ ಅಮೀನರ ಕೈಗೆ ಮೊಬೈಲು ಬಂದಿದೆ. ಎನ್‌ಸ್ಟೆಪ್ ಅನ್ನುವ ವ್ಯವಸ್ಥೆ. ಮನೆ ಮುಂದೆ ನಿಂತು ಫೋಟೋ ತೆಗೆದರೆ ಜಾಗದ ಗುರುತೂ ಹೊತ್ತೂ ದಾಖಲಾಗುತ್ತದೆ. ಒಳ್ಳೆಯದು. ಅಜ್ಜ ಇದ್ದಿದ್ದರೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಕಷ್ಟವನ್ನೂ ಷರಾದಲ್ಲಿ ಬರೆಯುತ್ತಿದ್ದರು. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಬಂದವು. ಸಾಹೇಬರಿಗೂ ಸಿಬ್ಬಂದಿಗೂ ಮತ್ತೆ ಪಾಠ. 302 ಹೋಗಿ 103 ಆಯಿತು, 420 ಹೋಗಿ 318 ಆಯಿತು ಅಂತ ಈಗಿನ ಹುಡುಗರು ಫೋನಿನಲ್ಲಿ ಹೇಳಿ ನಗುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆಯೇ ಒಂದು ಬದಲಾವಣೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮನುಷ್ಯ ಸಿಗದಿದ್ದಾಗ ಸಮನ್ಸನ್ನು ಮನೆಯ ವಯಸ್ಕ ಗಂಡಸಿಗೆ ಮಾತ್ರ ಕೊಡಬೇಕಿತ್ತು. ಅದೇ ಜಗಲಿ, ಅದೇ ಅಮ್ಮನವರು; ಸಿವಿಲ್ ಸಮನ್ಸು ತೆಗೆದುಕೊಳ್ಳಲು ಅರ್ಹರು, ಕ್ರಿಮಿನಲ್ ಸಮನ್ಸಿಗೆ ಅಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ‘ಗಂಡಸು’ ಬಿಟ್ಟುಹೋಗಿದೆ. ವಯಸ್ಕರು ಯಾರಾದರೂ ಸಾಕು. ತಡವಾಗಿ ಬಂದ ಬುದ್ಧಿ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಹದಿಮೂರನೆಯ ಹಣಕಾಸು ಆಯೋಗ 2010ರಿಂದ 2015ರವರೆಗೆ ನ್ಯಾಯದಾನದ ಸುಧಾರಣೆಗೆ 5,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ನ್ಯಾಯಾಧೀಶರ ತರಬೇತಿಗೆ 250 ಕೋಟಿ, ರಾಜ್ಯಗಳ ನ್ಯಾಯಾಂಗ ಅಕಾಡೆಮಿಗಳಿಗೆ 300 ಕೋಟಿ, ಸರ್ಕಾರಿ ವಕೀಲರ ತರಬೇತಿಗೂ 150 ಕೋಟಿ. ಆ ಪಟ್ಟಿಯಲ್ಲಿ ಅಮೀನರ, ಗುಮಾಸ್ತರ ತರಬೇತಿ ಅನ್ನುವ ಬೇರೆ ಬಾಬತ್ತನ್ನು ನಾನು ಹುಡುಕಿದೆ. ಇರಲಿಲ್ಲ. ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಗೆ ಹೋಗಿ ಬಂದ ಸಾಹೇಬರುಗಳಿಂದ ಅಲ್ಲಿನ ಗ್ರಂಥಾಲಯದ, ಚರ್ಚೆಗಳ ಸುದ್ದಿ ಕೇಳಿ ಸಂತೋಷಪಟ್ಟಿದ್ದೇನೆ, ಹೊಟ್ಟೆಕಿಚ್ಚಿಲ್ಲ. ಆದರೆ ಎಷ್ಟು ದೊಡ್ಡ ತೀರ್ಪಿಗೂ ಮೊದಲ ಹೆಜ್ಜೆ ಸಮನ್ಸು, ಅದನ್ನು ಹೊತ್ತು ಸಂಕ ದಾಟುವವನಿಗೆ ಒಂದು ಮಧ್ಯಾಹ್ನದ ಪಾಠವೂ ಸಿಗದೆ ನಿವೃತ್ತಿಯಾಗುವುದುಂಟು.

ಹಾಗಾಗಿ ಜಿಲ್ಲೆಗಳಲ್ಲಿ ತರಬೇತಿಯ ಪಟ್ಟಿ ತಯಾರಿಸುವವರಲ್ಲಿ ನನ್ನದೊಂದು ಕೋರಿಕೆ. ಅಮೀನರನ್ನು ಕರೆಯಿರಿ. ಕರೆದ ಮೇಲೆ ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಮೊದಲ ಒಂದು ಗಂಟೆ ಅವರಿಗೇ ಮಾತಾಡಲು ಬಿಡಿ. ನಿಯಮಗಳನ್ನು ಆಮೇಲೆ ಓದಬಹುದು.